ಹಡಗಿನ ಹ್ಯಾಚ್ ಕವರ್ ಮುಚ್ಚಿ ಬಿಗಿಯುವುದು ಹೇಗೆ: ಡೆಕ್ ಕೆಲಸಕ್ಕೆ ಹೊರಟ ನಮ್ಮ ಕಡೆಯ ಹುಡುಗರಿಗೆ

ಕಲಬುರಗಿಯಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಆದರೂ ನಮ್ಮ ಜಿಲ್ಲೆಯಿಂದ, ಯಾದಗಿರಿ, ಬೀದರ್ ಕಡೆಯಿಂದ ಮರ್ಚೆಂಟ್ ನೇವಿಯ ಡೆಕ್ ಕೆಲಸಕ್ಕೆ ಹೋಗುವ ಹುಡುಗರು ಇದ್ದಾರೆ. ನಾನು ಹಡಗು ಬಿಟ್ಟು ಊರಿಗೆ ಬಂದ ಮೇಲೆ ಅವರ ಫೋನು ಬರುತ್ತಲೇ ಇರುತ್ತದೆ. ಕೇಳುವುದು ಹೆಚ್ಚುಕಡಿಮೆ ಒಂದೇ. "ಸರ್, ಅಷ್ಟು ದೊಡ್ಡ ಬಾಗಲಕ್ಕ ಕೀಲಿ ಹ್ಯಾಂಗ್ ಹಾಕ್ತಾರ್ರಿ?" ಹಡಗು ಹತ್ತಿ ಆರು ತಿಂಗಳಾದವರ ಪ್ರಶ್ನೆ ಸ್ವಲ್ಪ ಬೇರೆ. "ಎಲ್ಲಾ ಕ್ಲೀಟ್ ಬಿಗಿದೀವಿ, ಆದ್ರೂ ನೀರು ಒಳಗ ಹೋಗ್ಯಾದ್ರಿ, ಯಾಕ?"

ಎರಡಕ್ಕೂ ಇಲ್ಲೇ ಬರೆದುಬಿಡುತ್ತೇನೆ. ಒಂದು ಮಾತು ಮೊದಲೇ ಹೇಳಬೇಕು. ಪ್ರತಿ ಹಡಗಿನ ಹ್ಯಾಚ್ ಕವರ್‌ಗೂ ಅದರದ್ದೇ ಮ್ಯಾನ್ಯುಯಲ್ ಇರುತ್ತದೆ. ನಾನು ಬರೆದದ್ದಕ್ಕೂ ಅದಕ್ಕೂ ತಾಳೆ ಆಗದಿದ್ದರೆ ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಮೊದಲು ಹೆಸರುಗಳು

ನಮ್ಮ ಕಡೆ ಹಳೆ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು ಅಲ್ವಾ? ನೆಲದೊಳಗೆ ಗುಂಡಿ, ಮೇಲೆ ಕಲ್ಲಿನ ಚಪ್ಪಡಿ, ಸುತ್ತ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಹಡಗಿನ ಹೋಲ್ಡ್ ಅಂದರೆ ಅಂಥದ್ದೇ ಹಗೇವು. ಗಾತ್ರ ಮಾತ್ರ ಒಂದು ದೊಡ್ಡ ಗೋದಾಮಿನಷ್ಟು. ಅದರ ಬಾಯಿಗೆ ಹ್ಯಾಚ್ ಅನ್ನುತ್ತಾರೆ. ಬಾಯಿಯ ಸುತ್ತ ಬಾವಿಕಟ್ಟೆಯ ಹಾಗೆ ಎದ್ದು ನಿಂತ ಉಕ್ಕಿನ ಗೋಡೆ ಕೋಮಿಂಗ್. ಮೇಲೆ ಮುಚ್ಚುವ ಉಕ್ಕಿನ ಮುಚ್ಚಳ ಹ್ಯಾಚ್ ಕವರ್. ಇದು ಒಂದೇ ತುಂಡಲ್ಲ, ಎರಡೋ ನಾಲ್ಕೋ ಪ್ಯಾನಲ್‌ಗಳು. ದೊಡ್ಡ ಹಡಗಿನಲ್ಲಿ ಒಂದೊಂದು ಪ್ಯಾನಲ್ ಹತ್ತಾರು ಟನ್ ತೂಗುತ್ತದೆ.

ಪ್ಯಾನಲ್ ತೆರೆಯುವ ರೀತಿ ಹಡಗಿನಿಂದ ಹಡಗಿಗೆ ಬೇರೆ. ಪಕ್ಕಕ್ಕೆ ಹಳಿಯ ಮೇಲೆ ಉರುಳಿ ಹೋಗುವುದು ಸೈಡ್ ರೋಲಿಂಗ್. ಪುಸ್ತಕದ ಹಾಗೆ ಮಡಚಿ ನಿಲ್ಲುವುದು ಫೋಲ್ಡಿಂಗ್. ಕ್ರೇನಿನಿಂದ ಎತ್ತಿ ಇಡುವುದು ಪಾಂಟೂನ್, ಇದು ಕಂಟೇನರ್ ಹಡಗುಗಳಲ್ಲಿ ಜಾಸ್ತಿ. ಇಲ್ಲಿ ಬರೆಯುತ್ತಿರುವುದು ಮೊದಲ ಎರಡರ ಬಗ್ಗೆ. ಕಾಳು, ಕಲ್ಲಿದ್ದಲು, ಅದಿರು ಸಾಗಿಸುವ ಬಲ್ಕ್ ಕ್ಯಾರಿಯರ್‌ಗಳಲ್ಲಿ ನಿಮಗೆ ಸಿಗುವುದು ಅವೇ.

ಇನ್ನು ಕ್ಲೀಟ್. ಕೋಮಿಂಗ್‌ನ ಸುತ್ತ ಸಾಲಾಗಿ ಇರುವ ಕೊಂಡಿಗಳಿವು. ಒಂದು ಉಕ್ಕಿನ ಸರಳು, ಅದರ ಕೆಳಗೆ ದಪ್ಪ ರಬ್ಬರ್ ವಾಷರ್, ನಟ್, ತಿರುಗಿಸಲು ಒಂದು ಹಿಡಿ. ಸರಳನ್ನು ಪ್ಯಾನಲ್‌ನ ಕಿವಿಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಮುಚ್ಚಳ ಕೋಮಿಂಗ್‌ಗೆ ಕಚ್ಚಿಕೊಳ್ಳುತ್ತದೆ. ಎರಡು ಪ್ಯಾನಲ್ ಕೂಡುವ ಸಂದಿಗೆ ಕ್ರಾಸ್ ಜಾಯಿಂಟ್ ಅನ್ನುತ್ತಾರೆ. ಅಲ್ಲಿ ಕ್ಲೀಟ್ ಬದಲು ಬೆಣೆ ಇರುತ್ತದೆ.

ಕ್ಲೀಟ್ ನೀರು ತಡೆಯುವುದಿಲ್ಲ

ಈ ಒಂದು ವಿಷಯ ತಲೆಗೆ ಹೋದರೆ ಉಳಿದದ್ದು ಸುಲಭ. ಮುಚ್ಚಿದ ಹ್ಯಾಚ್‌ನಲ್ಲಿ ಮೂರು ಕೆಲಸ ನಡೆಯುತ್ತವೆ, ಮೂರಕ್ಕೂ ಬೇರೆ ಬೇರೆ ಭಾಗ ಇವೆ.

ಪ್ಯಾನಲ್‌ನ ಭಾರ ಹೊರುವುದು ಉಕ್ಕಿನ ಬೇರಿಂಗ್ ಪ್ಯಾಡ್. ಪ್ಯಾನಲ್ ಕೂತಾಗ ಉಕ್ಕಿಗೆ ಉಕ್ಕು ತಾಗಬೇಕು. ನೀರು ತಡೆಯುವುದು ಪ್ಯಾನಲ್‌ನ ಒಳ ಅಂಚಿನಲ್ಲಿರುವ ರಬ್ಬರ್ ಪ್ಯಾಕಿಂಗ್. ಕೋಮಿಂಗ್ ಮೇಲಿನ ಕಂಪ್ರೆಷನ್ ಬಾರ್ ಎಂಬ ಉಕ್ಕಿನ ಪಟ್ಟಿ ಆ ರಬ್ಬರಿಗೆ ಒತ್ತಿಕೊಂಡು ಕೂರುತ್ತದೆ. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಆ ರಬ್ಬರ್ ಎಷ್ಟು ಒತ್ತಬೇಕು ಎಂಬುದನ್ನು ತೀರ್ಮಾನಿಸುವುದು ಬೇರಿಂಗ್ ಪ್ಯಾಡ್‌ನ ಎತ್ತರ, ನಿಮ್ಮ ತೋಳಿನ ಬಲ ಅಲ್ಲ. ಕ್ಲೀಟ್‌ನ ಪಾಲಿಗೆ ಉಳಿಯುವ ಕೆಲಸ ಒಂದೇ. ಅಲೆ ಬಡಿದಾಗ, ಹಡಗು ಹೊರಳಿದಾಗ ಪ್ಯಾನಲ್ ಮೇಲೇಳದಂತೆ ಹಿಡಿದಿಡುವುದು. ಪ್ಯಾನಲ್ ಆಚೀಚೆ ಜಾರದಂತೆ ನೋಡಿಕೊಳ್ಳಲು ಸ್ಟಾಪರ್ ಅಂತ ಬೇರೆಯೇ ಗಟ್ಟಿ ತುಂಡುಗಳಿವೆ.

ಕ್ಲೀಟ್‌ಗೆ ರಬ್ಬರ್ ವಾಷರ್ ಯಾಕೆ ಎಂದು ಕೇಳಬಹುದು. ಹಡಗು ಕಲ್ಲಿನ ಕಟ್ಟಡ ಅಲ್ಲ. ಅಲೆಯ ಮೇಲೆ ಹೋಗುವಾಗ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಹ್ಯಾಚ್‌ನ ಚೌಕ ಬಾಯಿ ಸ್ವಲ್ಪ ಸ್ವಲ್ಪ ಓರೆಯಾಗುತ್ತಲೇ ಇರುತ್ತದೆ. ಮುಚ್ಚಳಕ್ಕೆ ಅಷ್ಟು ಅಲ್ಲಾಡಲು ಜಾಗ ಬೇಕು. ಆ ಜಾಗ ಕೊಡುವುದೇ ವಾಷರ್. ಬಲ ಹಾಕಿ ನಟ್ ಬಿಗಿದು ವಾಷರನ್ನು ಚಪಾತಿ ಮಾಡಿಬಿಟ್ಟರೆ ಎಳೆತವೆಲ್ಲ ಸರಳಿನ ಮೇಲೆ ಬೀಳುತ್ತದೆ. ಸರಳು ಮುರಿಯುತ್ತದೆ, ಇಲ್ಲವೇ ಕಿವಿ ಕಿತ್ತು ಬರುತ್ತದೆ. "ಜಾಸ್ತಿ ಬಿಗಿದರೆ ಜಾಸ್ತಿ ಭದ್ರ" ಎಂಬ ಲೆಕ್ಕ ಇಲ್ಲಿ ಉಲ್ಟಾ.

ಇನ್ನೊಂದು ಪದ ಕಿವಿಗೆ ಬೀಳುತ್ತದೆ, ವೆದರ್‌ಟೈಟ್. ಎಂಥ ಸಮುದ್ರವಿದ್ದರೂ ಮೇಲಿನಿಂದ ಬೀಳುವ ನೀರು ಒಳಗೆ ಹೋಗಬಾರದು ಎಂದು ಅರ್ಥ. ವಾಟರ್‌ಟೈಟ್ ಅಂದರೆ ಎರಡೂ ಕಡೆಯಿಂದ ನಿಂತ ನೀರಿನ ಒತ್ತಡ ತಡೆಯುವುದು, ಅದು ಹಡಗಿನೊಳಗಿನ ಗೋಡೆಗಳಿಗೆ, ಕೆಳಗಿನ ಬಾಗಿಲುಗಳಿಗೆ. ಹ್ಯಾಚ್ ಕವರ್ ವೆದರ್‌ಟೈಟ್. ಇಂಟರ್‌ವ್ಯೂನಲ್ಲಿ ಇವೆರಡನ್ನು ಕಲಸಬೇಡಿ.

ಈಗ ಕೆಲಸಕ್ಕೆ ಬರೋಣ.

1. ಮುಟ್ಟುವ ಮೊದಲು

ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ) ಅಥವಾ ಚೀಫ್ ಆಫೀಸರ್ (ಕ್ಯಾಪ್ಟನ್ ನಂತರದ ಅಧಿಕಾರಿ) ಹೇಳದೆ ಹ್ಯಾಚ್‌ಗೆ ಕೈ ಹಾಕಬೇಡಿ. ಹಳಬರು ಬೋಸನ್‌ನನ್ನು ಸಾರಂಗ್ ಎನ್ನುತ್ತಾರೆ, ಗೊಂದಲ ಬೇಡ. ಹೋಲ್ಡ್‌ನೊಳಗೆ ಯಾರೂ ಇಲ್ಲ ಎಂದು ತಲೆ ಎಣಿಸಿ ಖಾತ್ರಿ ಮಾಡಿ, ಕೂಗಿ ನೋಡಿದರೆ ಸಾಲದು. ಬಂದರಿನ ಹಮಾಲರು ಒಳಗೆ ಮೂಲೆಯಲ್ಲಿ ಕೂತಿರಬಹುದು. ಹಡಗು ಒಂದು ಕಡೆ ವಾಲಿದೆಯೇ ನೋಡಿ. ವಾಲಿದ್ದರೆ ಸೈಡ್ ರೋಲಿಂಗ್ ಪ್ಯಾನಲ್ ತನ್ನಷ್ಟಕ್ಕೇ ಓಡಲು ಶುರು ಮಾಡಬಹುದು.

2. ಕೋಮಿಂಗ್ ಗುಡಿಸುವುದು

ಎಲ್ಲಕ್ಕಿಂತ ಬೇಸರದ ಕೆಲಸ ಇದು. ಹಾಗಾಗಿ ಎಲ್ಲರೂ ಕದಿಯುವುದೂ ಇದನ್ನೇ. ನೀರು ಒಳಗೆ ಹೋಗುವ ಕಥೆ ಬಹಳ ಸಲ ಶುರುವಾಗುವುದೂ ಇಲ್ಲಿಂದಲೇ.

ಗ್ರ್ಯಾಬ್, ಅಂದರೆ ಕ್ರೇನಿನ ಬಾಚುವ ಬಕೆಟ್‌ನಿಂದ ಸರಕು ಇಳಿಸುವಾಗ ಒಂದಷ್ಟು ಕೋಮಿಂಗ್ ಮೇಲೆ ಚೆಲ್ಲುತ್ತದೆ. ಮ್ಯಾನ್ಮಾರ್‌ನಿಂದಲೋ ಆಫ್ರಿಕಾದಿಂದಲೋ ತೊಗರಿ ತಂದಿದ್ದೀರಿ ಅಂದುಕೊಳ್ಳಿ. ಹೌದು, ತೊಗರಿ ಕಣಜದವರಾದ ನಮಗೂ ಹೊರಗಿನ ತೊಗರಿ ಬರುತ್ತದೆ. ಕಂಪ್ರೆಷನ್ ಬಾರ್ ಮೇಲೆ ಒಂದು ಹಿಡಿ ಕಾಳು ಉಳಿದರೆ ಅಷ್ಟು ಉದ್ದಕ್ಕೂ ರಬ್ಬರ್ ಸರಿಯಾಗಿ ಕೂರುವುದಿಲ್ಲ. ಮೇಲೆ ಹತ್ತಾರು ಟನ್ ಬಿದ್ದಾಗ ಕಾಳು ರಬ್ಬರಿನೊಳಗೆ ಗುಳಿ ಮಾಡುತ್ತದೆ. ಮುಂದಿನ ಸಲ ನೀವು ಚೆನ್ನಾಗಿ ಗುಡಿಸಿದರೂ ಆ ಗುಳಿಯಿಂದ ನೀರು ಹೋಗುತ್ತದೆ. ಸಿಮೆಂಟ್ ಆದರೆ ಇನ್ನೂ ಕೆಟ್ಟದ್ದು. ವಾಡಿ, ಸೇಡಂ ಕಡೆಯವರಿಗೆ ಹೇಳಬೇಕಿಲ್ಲ, ತೊಯ್ದ ಸಿಮೆಂಟ್ ಕಲ್ಲಾಗುತ್ತದೆ. ಕೋಮಿಂಗ್ ಮೇಲಿನ ಸಿಮೆಂಟ್ ಧೂಳಿಗೆ ಇಬ್ಬನಿ ಬಿದ್ದರೂ ಸಾಕು, ಆಮೇಲೆ ಉಳಿ ಹಿಡಿದು ಕೆತ್ತಬೇಕು.

ಗುಡಿಸುವ ಜಾಗಗಳು ಇವು: ಬೇರಿಂಗ್ ಪ್ಯಾಡ್, ಕಂಪ್ರೆಷನ್ ಬಾರ್, ಅದರ ಒಳಗಿನ ಕಾಲುವೆ, ಚಕ್ರ ಓಡುವ ಹಳಿ, ಮತ್ತು ಎಲ್ಲರೂ ಮರೆಯುವ ಕ್ರಾಸ್ ಜಾಯಿಂಟ್. ಕ್ರಾಸ್ ಜಾಯಿಂಟ್ ಕೈಗೆಟುಕುವುದಿಲ್ಲ, ಅದಕ್ಕೇ ಮರೆಯುತ್ತಾರೆ. ಉದ್ದ ಹಿಡಿಯ ಬ್ರಷ್ ಬಳಸಿ. ತೆರೆದ ಹ್ಯಾಚ್‌ನ ಅಂಚಿನಲ್ಲಿ ಕೆಲಸ ಮಾಡುವಾಗ ಸೇಫ್ಟಿ ಹಾರ್ನೆಸ್ ಹಾಕಿ. ಕೆಳಗೆ ಆರೇಳು ಅಂತಸ್ತಿನ ಆಳ ಇರಬಹುದು.

ಕಾಲುವೆ ಅಂದೆನಲ್ಲ, ಅದು ರಬ್ಬರ್ ದಾಟಿ ಬಂದ ಚೂರುಪಾರು ನೀರನ್ನು ಹೊರಗೆ ಹರಿಸಲು. ಮಣ್ಣಿನ ಮಾಳಿಗೆಗೆ ದೋಣಿ ಇಡುವುದಿಲ್ಲವೇ, ಹಾಗೆಯೇ. ಮೂಲೆಗಳಲ್ಲಿ ಕೆಳಗೆ ಇಳಿಯುವ ಡ್ರೇನ್ ಪೈಪ್, ಅದರ ತುದಿಗೆ ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಬಹಳಷ್ಟು ವಾಲ್ವ್‌ಗಳಲ್ಲಿ ಒಳಗೊಂದು ಗುಂಡು ಇರುತ್ತದೆ. ಒಳಗಿನ ನೀರನ್ನು ಹೊರಗೆ ಬಿಡುತ್ತದೆ, ಡೆಕ್ ಮೇಲಿನ ಅಲೆಯ ನೀರು ಹಿಂದಕ್ಕೆ ಏರಿದರೆ ಗುಂಡು ತೇಲಿ ಬಾಯಿ ಮುಚ್ಚುತ್ತದೆ. ಈ ಪೈಪಿನಲ್ಲಿ ಕಾಳು ತುಂಬಿ ಕೊಳೆತಿದ್ದರೆ ಕಾಲುವೆ ಉಕ್ಕಿ ನೀರು ಸರಕಿನ ಮೇಲೇ ಸುರಿಯುತ್ತದೆ. ಪೈಪಿನಲ್ಲಿ ಸ್ವಲ್ಪ ನೀರು ಸುರಿದು ಹೊರಗೆ ಬರುತ್ತದೆಯೇ ನೋಡಿ. ಪಕ್ಕದಲ್ಲಿ ಸರಪಳಿಗೆ ನೇತಾಡುವ ಒಂದು ಮುಚ್ಚಳವೂ ಕಾಣುತ್ತದೆ. ಅದು ಹೋಲ್ಡ್‌ನಲ್ಲಿ ಬೆಂಕಿ ಬಿದ್ದು ಗ್ಯಾಸ್ ಬಿಡುವಾಗ, ಅಥವಾ ಕಾಳಿಗೆ ಹುಳದ ಔಷಧಿಯ ಹೊಗೆ ಹಾಕಿದಾಗ ಮುಚ್ಚಲು. ಬೇರೆ ವೇಳೆ ಸುಮ್ನೆ ಹಾಕಿಡಬಾರದು. ಹಾಕಿದರೆ ನೀರು ಹೋಗಲು ದಾರಿಯೇ ಇಲ್ಲ.

3. ರಬ್ಬರ್ ನೋಡುವುದು

ಪ್ಯಾನಲ್ ತೆರೆದಿರುವಾಗಲೇ ರಬ್ಬರ್ ಕಾಣುವುದು, ಆಗಲೇ ನೋಡಬೇಕು. ಕಂಪ್ರೆಷನ್ ಬಾರ್ ಒತ್ತಿದ ಗುರುತು ಉದ್ದಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಗುರುತೇ ಇಲ್ಲವೆಂದರೆ ಅಲ್ಲಿ ಒತ್ತುತ್ತಿಲ್ಲ. ಗುರುತು ತುಂಬ ಆಳವಾಗಿ, ಒತ್ತಡ ತೆಗೆದ ಮೇಲೂ ಹಾಗೇ ಉಳಿದಿದ್ದರೆ ರಬ್ಬರ್ ಸತ್ತಿದೆ, ಇನ್ನು ಅದು ಉಬ್ಬಿ ಸಂದಿ ತುಂಬುವುದಿಲ್ಲ. ಮೂಲೆಗಳಲ್ಲಿ ಬಿರುಕು, ಜೋಡಿಸಿದಲ್ಲಿ ಬಾಯಿ ಬಿಟ್ಟಿರುವುದು ಇವೂ ಕಣ್ಣಿಗೆ ಬೀಳಬೇಕು.

ತಪ್ಪುಗಳು ಎರಡು. ಮೊದಲನೆಯದು ಬಣ್ಣ. ಪ್ಯಾನಲ್‌ಗೆ ಪೇಂಟ್ ಹೊಡೆಯುವಾಗ ರಬ್ಬರಿಗೂ ಬಳಿದುಬಿಡುತ್ತಾರೆ, ರಬ್ಬರ್ ಗಡುಸಾಗಿ ಸೀಳುತ್ತದೆ. ಎರಡನೆಯದು ಹಳೆ ರಬ್ಬರಿನ ಕೆಳಗೆ ಪಟ್ಟಿ ತುರುಕಿ ಎತ್ತರ ಮಾಡುವುದು. ನೋಡಲು ಜಾಣತನ. ಆದರೆ ಆ ಜಾಗದಲ್ಲಿ ಒತ್ತಡ ಜಾಸ್ತಿಯಾಗಿ ಪಕ್ಕದ ಜಾಗದಲ್ಲಿ ಕಡಿಮೆಯಾಗುತ್ತದೆ, ಸೋರುವ ಜಾಗ ಒಂದು ಮಾರು ಆಚೆ ಸರಿಯುತ್ತದೆ ಅಷ್ಟೇ. ಬೇರಿಂಗ್ ಪ್ಯಾಡ್ ಸವೆದಿದ್ದರೂ ರಬ್ಬರ್ ಅತಿಯಾಗಿ ಒತ್ತಿ ಬೇಗ ಸಾಯುತ್ತದೆ. ಹೊಸ ರಬ್ಬರ್ ಹಾಕಿದ ಸ್ವಲ್ಪ ದಿನಕ್ಕೇ ಹಾಳಾಗಿದ್ದರೆ ಪ್ಯಾಡ್ ಕಡೆ ನೋಡಲು ಬೋಸನ್‌ಗೆ ಹೇಳಿ.

4. ಪ್ಯಾನಲ್ ಮುಚ್ಚುವುದು

ತೆರೆದಿಟ್ಟಾಗ ಪ್ಯಾನಲ್ ಜಾರದಂತೆ ಹಾಕಿದ ಕೊಕ್ಕೆ, ಪಿನ್‌ಗಳನ್ನು ತೆಗೆಯಿರಿ. ತೆಗೆಯದೆ ಹೈಡ್ರಾಲಿಕ್ ಒತ್ತಿದರೆ ಏನೋ ಒಂದು ಮುರಿಯುತ್ತದೆ. ಕಂಟ್ರೋಲ್ ಹಿಡಿಯ ಬಳಿ ಒಬ್ಬ, ಎದುರು ಸನ್ನೆ ಕೊಡಲು ಒಬ್ಬ. ಸನ್ನೆ ಒಬ್ಬನದೇ ಇರಲಿ. ಹಳಿಯ ಮೇಲೆ ಕೈ ಇಡಬೇಡಿ, ಪ್ಯಾನಲ್ ಮೇಲೆ ನಿಂತು ಸವಾರಿ ಮಾಡಬೇಡಿ, ಎಳೆಯುವ ಸರಪಳಿಯ ನೇರಕ್ಕೆ ನಿಲ್ಲಬೇಡಿ. ಪ್ಯಾನಲ್ ಚಲಿಸುವಾಗ ಕೊನೇ ಗಳಿಗೆಯಲ್ಲಿ ಒಂದು ಕಸ ಕಂಡಿತು ಅಂತ ಕೈ ಚಾಚುವವರಿದ್ದಾರೆ. ಬೆರಳು ಹೋಗುವುದು ಹೀಗೇ. ನಿಲ್ಲಿಸಲು ಹೇಳಿ, ನಿಂತ ಮೇಲೆ ತೆಗೆಯಿರಿ.

ಸೈಡ್ ರೋಲಿಂಗ್ ಕವರ್‌ನಲ್ಲಿ ಪ್ಯಾನಲ್ ಜಾಗಕ್ಕೆ ಬಂದ ಮೇಲೆ ಜ್ಯಾಕ್ ಇಳಿಸುತ್ತಾರೆ. ಚಕ್ರ ತಗ್ಗಿ ಪ್ಯಾನಲ್ ಪ್ಯಾಡ್ ಮೇಲೆ ಕೂರಬೇಕು. ಸುತ್ತ ನಡೆದು ನೋಡಿ. ಒಂದು ಮೂಲೆ ಎದ್ದಿದ್ದರೆ ಕ್ಲೀಟ್‌ನಿಂದ ಎಳೆದು ಕೂರಿಸಲು ಹೋಗಬೇಡಿ. ಮತ್ತೆ ಎತ್ತಿ, ಕೆಳಗೇನಿದೆ ನೋಡಿ.

5. ಬೆಣೆ ಮತ್ತು ಕ್ಲೀಟ್

ಹೆಚ್ಚಿನ ಹಡಗುಗಳಲ್ಲಿ ಮೊದಲು ಕ್ರಾಸ್ ಜಾಯಿಂಟ್‌ನ ಬೆಣೆ, ಆಮೇಲೆ ಸುತ್ತಲಿನ ಕ್ಲೀಟ್. ಎರಡು ಪ್ಯಾನಲ್ ಒಂದಕ್ಕೊಂದು ಸಮ ಕೂತ ಮೇಲೆ ಅಂಚು ಬಿಗಿಯುವ ಲೆಕ್ಕ ಅದು. ನಿಮ್ಮ ಹಡಗಿನ ಕ್ರಮ ಬೇರೆ ಇದ್ದರೆ ಹಾಗೇ ಮಾಡಿ. ಕೆಲವು ಹಡಗುಗಳಲ್ಲಿ ಕ್ಲೀಟ್‌ಗಳು ಹೈಡ್ರಾಲಿಕ್‌ನಿಂದ ತಾವೇ ಬೀಳುತ್ತವೆ. ಬಿದ್ದವು ಅಂತ ನಂಬಬೇಡಿ, ಸುತ್ತು ಹಾಕಿ ಒಂದೊಂದನ್ನೂ ಕಣ್ಣಿನಿಂದ ನೋಡಿ.

ಕೈಯಿಂದ ಹಾಕುವ ಕ್ಲೀಟ್‌ನ ಹಿಡಿ ಸ್ವಲ್ಪ ಬಲ ಕೇಳಬೇಕು, ಆದರೆ ಒಬ್ಬನ ಕೈಗೆ ದಕ್ಕಬೇಕು. ಸುತ್ತಿಗೆಯಿಂದ ಬಡಿದರೆ ಮಾತ್ರ ಬೀಳುತ್ತದೆ ಎಂದರೆ ನಟ್ ತುಂಬ ಬಿಗಿ ಇದೆ. ಒಂದು ಬೆರಳಿಗೇ ಬಂದು ಕಟಕಟ ಅಲ್ಲಾಡಿದರೆ ಸಡಿಲ ಇದೆ. ನಟ್ ಎಷ್ಟು ತಿರುಗಿಸಬೇಕು ಎಂಬ ಅಳತೆ ಮ್ಯಾನ್ಯುಯಲ್‌ನಲ್ಲಿದೆ. ಪಾನಾಗೆ ಪೈಪ್ ಸಿಕ್ಕಿಸಿ ಜೋರಾಗಿ ಎಳೆಯುವ ಅಭ್ಯಾಸ ಊರಿನ ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ.

ವಾಷರ್ ಬಗ್ಗೆ ಮತ್ತೊಮ್ಮೆ. ಬಿಸಿಲು, ಉಪ್ಪು, ಎಣ್ಣೆಗೆ ಅದು ಸೀಳುತ್ತದೆ. ಸ್ಟೋರಿನಲ್ಲಿ ಹೊಸದು ಇಲ್ಲ ಅಂತ ನಾಲ್ಕು ಕಬ್ಬಿಣದ ವಾಷರ್ ಜೋಡಿಸಿ ಹಾಕಿದ್ದನ್ನು ನಾನೇ ಒಂದು ಹಡಗಿನಲ್ಲಿ ಕಂಡಿದ್ದೇನೆ. ನೋಡಲು ಗಟ್ಟಿಮುಟ್ಟು. ಮೊದಲ ಕೆಟ್ಟ ಹವೆಯಲ್ಲೇ ಆ ಸಾಲಿನ ಮೂರು ಸರಳು ತುಂಡಾದವು. ಕ್ಲೀಟ್ ಮುರಿದಿದ್ದರೆ, ಕಾಣೆಯಾಗಿದ್ದರೆ ನಂಬರ್ ಬರೆದುಕೊಂಡು ಚೀಫ್ ಆಫೀಸರ್‌ಗೆ ಹೇಳಿ. "ನಾಳೆ ಬೆಳಿಗ್ಗೆ ಇನ್ನೊಂದು ಬಂದರು, ಹತ್ತು ಕ್ಲೀಟ್ ಸಾಕು" ಎನ್ನುವ ಹಿರಿಯರೂ ಸಿಗುತ್ತಾರೆ. ಹಡಗು ಹೊರಡುವ ಮೊದಲು ಎಲ್ಲಾ ಕ್ಲೀಟ್ ಬಿದ್ದಿರಬೇಕು. ಜಗಳ ಬೇಡ, ನಿಮ್ಮ ಪಾಲಿನ ಸಾಲು ಪೂರ್ತಿ ಹಾಕಿ ಬನ್ನಿ.

6. ಚಿಕ್ಕ ಮುಚ್ಚಳಗಳು

ದೊಡ್ಡ ಹ್ಯಾಚ್ ಬಿಗಿದು ಸುಸ್ತಾದ ಮೇಲೆ ಪಕ್ಕದ ಚಿಕ್ಕದನ್ನು ಯಾರೂ ನೋಡುವುದಿಲ್ಲ. ಹೋಲ್ಡ್‌ಗೆ ಏಣಿ ಇಳಿಯುವ ಆಕ್ಸೆಸ್ ಹ್ಯಾಚ್, ಗಾಳಿ ಆಡಲು ಇರುವ ವೆಂಟಿಲೇಟರ್, ಹಡಗಿನ ಮೂತಿಯಲ್ಲಿರುವ ಸ್ಟೋರ್ ರೂಮಿನ ಮುಚ್ಚಳ. ಇವುಗಳನ್ನು ಬಿಗಿಯಲು ಚಿಟ್ಟೆಯ ರೆಕ್ಕೆಯಂಥ ಬಟರ್‌ಫ್ಲೈ ನಟ್ ಅಥವಾ ಡಾಗ್ ಎಂಬ ತಿರುಗುವ ಹಿಡಿ ಇರುತ್ತದೆ. ಒಂದನ್ನು ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋಗಬೇಡಿ. ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಲಾರಿ ಚಕ್ರದ ನಟ್ ಬಿಗಿಯುವುದು ನೆನಪಿಸಿಕೊಳ್ಳಿ.

1980ರ ಸೆಪ್ಟೆಂಬರ್‌ನಲ್ಲಿ ಡರ್ಬಿಶೈರ್ ಎಂಬ ಬ್ರಿಟಿಷ್ ಹಡಗು ಜಪಾನಿನ ಬಳಿ ಚಂಡಮಾರುತದಲ್ಲಿ ಮುಳುಗಿ 44 ಜನ ಸತ್ತರು. ಕಬ್ಬಿಣದ ಅದಿರು ತುಂಬಿದ್ದ ಭಾರಿ ಹಡಗು. 2000ರಲ್ಲಿ ಮುಗಿದ ಮರು ತನಿಖೆ ಹೇಳಿದ್ದು ಇದು: ಮೂತಿಯ ಕಡೆಯ ವೆಂಟಿಲೇಟರ್, ಏರ್ ಪೈಪ್‌ಗಳು ಅಲೆಗೆ ಹಾಳಾಗಿ ನೀರು ಒಳಸೇರಿತು, ಮೂತಿ ಮೆಲ್ಲಗೆ ತಗ್ಗಿತು, ಆಮೇಲೆ ದೊಡ್ಡ ಹ್ಯಾಚ್ ಕವರ್‌ಗಳು ಅಲೆಯ ಭಾರ ತಾಳದೆ ಕುಸಿದವು. ನೀರಿಗೆ ದಾರಿ ಕೊಟ್ಟದ್ದು ಚಿಕ್ಕ ಬಾಯಿಗಳು.

7. ಪರೀಕ್ಷೆ

ಮೂರು ವಿಧಾನ ಕೇಳಿಬರುತ್ತವೆ. ಕಂಪ್ರೆಷನ್ ಬಾರ್‌ಗೆ ಸೀಮೆಸುಣ್ಣ ಬಳಿದು, ಮುಚ್ಚಿ, ತೆರೆದು, ರಬ್ಬರ್ ಮೇಲೆ ಗೆರೆ ಬಿದ್ದಿದೆಯೇ ನೋಡುವುದು ಚಾಕ್ ಟೆಸ್ಟ್. ಗೆರೆ ಬಿತ್ತು ಅಂದರೆ ತಾಗಿದೆ ಅಂತ ಅಷ್ಟೇ, ನೀರು ತಡೆಯುವಷ್ಟು ಒತ್ತಿದೆ ಅಂತ ಅಲ್ಲ. ಇದರಲ್ಲಿ ಪಾಸಾಗಿ ಆಮೇಲೆ ಸೋರಿದ ಹ್ಯಾಚ್‌ಗಳು ಬೇಕಾದಷ್ಟಿವೆ.

ಹೋಸ್ ಟೆಸ್ಟ್‌ನಲ್ಲಿ ಸಂದಿಗಳ ಮೇಲೆ ಜೋರಾಗಿ ನೀರು ಬಿಡುತ್ತಾರೆ. ಸರ್ವೇಯರ್‌ಗಳು, ಅಂದರೆ ಹಡಗು ತಪಾಸಣೆ ಮಾಡುವವರು, ಬಳಸುವ ಅಳತೆ: ನಾಜಲ್‌ನ ಬಾಯಿ ಕನಿಷ್ಠ 12 ಮಿಲಿಮೀಟರ್, ನೀರಿನ ಒತ್ತಡ ಕನಿಷ್ಠ 2 ಬಾರ್, ಸಂದಿಯಿಂದ ದೂರ 1.5 ಮೀಟರ್ ಮೀರಬಾರದು. ಒಬ್ಬ ಹೊರಗೆ, ಒಬ್ಬ ಒಳಗೆ ನಿಂತು ನೋಡಬೇಕು. ಹೋಲ್ಡ್‌ನಲ್ಲಿ ತೊಯ್ಯಬಾರದ ಸರಕು ಇದ್ದಾಗ ಇದು ಆಗದು.

ಮೂರನೆಯದು ಅಲ್ಟ್ರಾಸಾನಿಕ್. ಹೋಲ್ಡ್‌ನೊಳಗೆ ಕಿವಿಗೆ ಕೇಳದ ಸದ್ದು ಮಾಡುವ ಪೆಟ್ಟಿಗೆ ಇಟ್ಟು, ಹೊರಗಿನಿಂದ ಯಂತ್ರ ಹಿಡಿದು ಸಂದಿಯುದ್ದಕ್ಕೂ ಕೇಳುತ್ತಾ ಹೋಗುತ್ತಾರೆ. ತೆರೆದ ಹ್ಯಾಚ್‌ನಲ್ಲಿ ಬಂದ ಅಂಕಿಯ 10 ಶೇಕಡಾಕ್ಕಿಂತ ಜಾಸ್ತಿ ಎಲ್ಲಾದರೂ ಬಂದರೆ ಅಲ್ಲಿ ರಬ್ಬರ್ ಸರಿಯಾಗಿ ಒತ್ತುತ್ತಿಲ್ಲ. ಸರಕು ತುಂಬಿದ್ದಾಗಲೂ ಮಾಡಬಹುದು ಎಂಬುದೇ ಇದರ ಅನುಕೂಲ.

8. ದಾರಿಯಲ್ಲಿ, ಮತ್ತೆ ತೆರೆಯುವಾಗ

ಹಡಗು ಅಲ್ಲಾಡಿದ ಹಾಗೆ ಕ್ಲೀಟ್ ಸಡಿಲ ಆಗುತ್ತದೆ. ಹವೆ ಅನುಕೂಲ ಇದ್ದ ದಿನ ಸುತ್ತು ಹಾಕಿ ನೋಡಿ. ಡೆಕ್ ಮೇಲೆ ಅಲೆ ಬೀಳುತ್ತಿದ್ದರೆ ಹೋಗಬೇಡಿ, ಬ್ರಿಜ್‌ನಿಂದ (ಹಡಗು ನಡೆಸುವ ಮೇಲಿನ ಕೋಣೆಯಿಂದ) ಒಪ್ಪಿಗೆ ಇಲ್ಲದೆ ಯಾವತ್ತೂ ಹೋಗಬೇಡಿ.

ತೆರೆಯುವಾಗ ಒಂದು ಕ್ಲೀಟ್ ಮರೆತರೂ ಹೈಡ್ರಾಲಿಕ್ ಅದನ್ನು ಕಿತ್ತು ಎಸೆಯುತ್ತದೆ. ಪೂರ್ತಿ ತೆರೆದ ಕೂಡಲೇ ಕೊಕ್ಕೆ ಹಾಕಿ. ತೆರೆದ ಹೋಲ್ಡ್‌ಗೆ ತಕ್ಷಣ ಇಳಿಯಬೇಡಿ. ಹಗೇವು ತೆರೆದು ಅವಸರದಲ್ಲಿ ಇಳಿದವರು ಉಸಿರುಗಟ್ಟಿ ಸತ್ತ ಕಥೆ ನಿಮ್ಮ ಮನೆಯ ಹಿರಿಯರೂ ಹೇಳಿರಬಹುದು. ಕಾಳು, ಕಲ್ಲಿದ್ದಲು, ಮರ ಎಲ್ಲವೂ ಒಳಗಿನ ಆಮ್ಲಜನಕ ತಿಂದುಬಿಡುತ್ತವೆ. ಗ್ಯಾಸ್ ಮೀಟರ್ ಹಿಡಿದು ನೋಡಿ, ಬರಹದಲ್ಲಿ ಪರ್ಮಿಟ್ ಆದ ಮೇಲಷ್ಟೇ ಏಣಿಗೆ ಕಾಲು.

ಲಾರಿ, ಕಾರು ಒಳಗೆ ಹೋಗುವ ಹಡಗಿನ ದೊಡ್ಡ ಗೇಟು

ರೋ ರೋ ಹಡಗು ಹತ್ತುವವರೂ ಕೇಳುತ್ತಾರೆ. ಅಲ್ಲಿ ಮೂತಿಯಲ್ಲೋ ಹಿಂದೆಯೋ ಇಡೀ ಗೋಡೆಯೇ ತೆರೆಯುವ ಬಾಗಿಲು. ಅದನ್ನು ಹಿಡಿಯುವುದು ಹೈಡ್ರಾಲಿಕ್‌ನಿಂದ ಜಾರಿ ಬರುವ ದಪ್ಪ ಪಿನ್. ಹಳೆ ವಾಡೆಯ ಬಾಗಿಲಿಗೆ ಗೋಡೆಯೊಳಗಿಂದ ಅಗಳಿ ಎಳೆಯುತ್ತಿದ್ದರಲ್ಲ, ಅದೇ ಲೆಕ್ಕ. ಪಿನ್ ಒಳಗೆ ಹೋದ ಮೇಲೆ ಹೈಡ್ರಾಲಿಕ್ ಕೈಕೊಟ್ಟರೂ ಅದು ಹಿಂದೆ ಜಾರಬಾರದು.

ಎರಡು ಅಪಘಾತ ಗೊತ್ತಿರಲಿ. 1987ರ ಮಾರ್ಚ್ 6ರಂದು ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿ ಬೆಲ್ಜಿಯಂನ ಜೀಬ್ರುಗ್ಗೆ ಬಂದರಿನಿಂದ ಮೂತಿಯ ಬಾಗಿಲು ತೆರೆದೇ ಹೊರಟಿತು. ಬಾಗಿಲು ಹಾಕಬೇಕಿದ್ದವನು ನಿದ್ದೆ ಹೋಗಿದ್ದ. ಹಾಕಿದೆಯೋ ಇಲ್ಲವೋ ತಿಳಿಸುವ ದೀಪ ಬ್ರಿಜ್‌ನಲ್ಲಿ ಇರಲಿಲ್ಲ. ಕೆಲವೇ ನಿಮಿಷದಲ್ಲಿ ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್ 28ರಂದು ಎಸ್ಟೋನಿಯಾ ಎಂಬ ಫೆರಿಯದು ಬೇರೆ ಬಗೆ. ಬಾಗಿಲು ಹಾಕಿತ್ತು. ಅಲೆಯ ಹೊಡೆತಕ್ಕೆ ಮೂತಿಯ ಮುಚ್ಚಳದ ಲಾಕ್‌ಗಳೇ ಮುರಿದವು. 852 ಜನ ಹೋದರು. ಇವುಗಳ ನಂತರ ನಿಯಮ ಬಿಗಿಯಾಯಿತು. ಈಗ ಬಾಗಿಲು ಮುಚ್ಚಿದೆ, ಪಿನ್ ಬಿದ್ದಿದೆ ಎಂಬ ಎರಡನ್ನೂ ತೋರಿಸುವ ದೀಪಗಳು ಬ್ರಿಜ್‌ನಲ್ಲಿ ಇರಬೇಕು, ನೀರು ಒಳಬಂದರೆ ತಿಳಿಸುವ ವ್ಯವಸ್ಥೆಯೂ ಬೇಕು. ನಿಮ್ಮನ್ನು ಬಾಗಿಲ ಬಳಿ ನಿಲ್ಲಿಸಿದರೆ, ಪಿನ್ ಬಿದ್ದದ್ದನ್ನು ಕಣ್ಣಾರೆ ನೋಡಿ ರೇಡಿಯೋದಲ್ಲಿ ಹೇಳಿದ ಮೇಲೆಯೇ ಅಲ್ಲಿಂದ ಕದಲಿ. ದೀಪದ ಸ್ವಿಚ್ಚೂ ಕೆಡುತ್ತದೆ.

ಉಳಿದ ಚಿಕ್ಕ ಪ್ರಶ್ನೆಗಳು

ಹ್ಯಾಚ್‌ಗೆ ಬೀಗ ಹಾಕುತ್ತಾರೆಯೇ? ಆಕ್ಸೆಸ್ ಹ್ಯಾಚ್‌ಗೆ ಬಂದರಿನಲ್ಲಿ ಕಳ್ಳರ ಭಯಕ್ಕೆ ಹಾಕುತ್ತಾರೆ. ಒಳಗೆ ಯಾರೂ ಇಲ್ಲ ಎಂದು ನೋಡದೆ ಹಾಕಬೇಡಿ.

ಸಂದಿಗೆ ಹ್ಯಾಚ್ ಟೇಪ್ ಅಂಟಿಸಿದರೆ ಸಾಲದೇ? ಅದು ತಾತ್ಕಾಲಿಕ. ದೊಡ್ಡ ಅಲೆಗೆ ಕಿತ್ತು ಹೋಗುತ್ತದೆ, ಉಳಿದರೆ ಕೆಳಗಿನ ತುಕ್ಕನ್ನು ಮುಚ್ಚಿಡುತ್ತದೆ.

ಮ್ಯಾನ್ಯುಯಲ್ ಎಲ್ಲಿ ಸಿಗುತ್ತದೆ? ಸಾಮಾನ್ಯವಾಗಿ ಚೀಫ್ ಆಫೀಸರ್ ಬಳಿ. ಇಂಗ್ಲಿಷ್ ಕಷ್ಟ ಅಂತ ಹಿಂಜರಿಯಬೇಡಿ, ಅದರಲ್ಲಿ ಚಿತ್ರಗಳೇ ಜಾಸ್ತಿ. ಹಡಗು ಹತ್ತಿದ ಮೊದಲ ವಾರದಲ್ಲೇ ಕೇಳಿ ಪಡೆದು, ಕ್ಲೀಟ್‌ನ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.